ಎನ್‌ವಿಡಿಎ ಶಾರ್ಟ್‌ಕಟ್ ಕೀಗಳನ್ನು ನಮ್ಮ ಕೈಗೆ ತಕ್ಕ ಹಾಗೆ ಬದಲಾಯಿಸಬಹುದಾ?

ನೀವು ಕೇಳಿದ್ದು ಇದು: ಹೊಸ ಲ್ಯಾಪ್‌ಟಾಪ್, ಅದರಲ್ಲಿ ಪರದೆಯ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಸಾಫ್ಟ್‌ವೇರ್ ಹಾಕಿಕೊಂಡಿದ್ದೀರಿ. ಒಂದು ಸುದ್ದಿ ಓದುವಷ್ಟರಲ್ಲಿ ಟ್ಯಾಬ್ ಒತ್ತಿ ಒತ್ತಿ ಬೆರಳು ನೋಯುತ್ತಿದೆ. ಯಾರೋ ಹೇಳಿದ ಎನ್‌ವಿಡಿಎ + ಎಫ್7 ಒತ್ತಲು ಹೋದರೆ ಎನ್‌ವಿಡಿಎ ಕೀ ಆಗಿರುವ ಇನ್ಸರ್ಟ್‌ಗೂ ಎಫ್7ಗೂ ಎಫ್‌ಎನ್ ಕೀ ಹಿಡಿಯಬೇಕು, ಬೆರಳೇ ಸಾಲುವುದಿಲ್ಲ. ಈ ಕೀಗಳನ್ನು ಬದಲಾಯಿಸಬಹುದಾ ಅಂತ.

ಬದಲಾಯಿಸಬಹುದು. ಆದರೆ ನಿಮ್ಮ ಅರ್ಧ ತೊಂದರೆಗೆ ಬದಲಾಯಿಸುವುದೇ ಬೇಡ. ಟ್ಯಾಬ್ ಬಿಡಿ, ಸಾಕು.

ನನಗೆ ಕಣ್ಣು ಕಾಣುವುದಿಲ್ಲ, ಹನ್ನೊಂದು ವರ್ಷದಿಂದ ಎನ್‌ವಿಡಿಎ ಬಳಸುತ್ತಿದ್ದೇನೆ. ಮೊದಲ ಆರು ತಿಂಗಳು ನಾನೂ ಟ್ಯಾಬ್ ಭಕ್ತನೇ. ಟ್ಯಾಬ್ ನಿಲ್ಲುವುದು ಲಿಂಕ್, ಬಟನ್, ಫಾರ್ಮಿನ ಖಾನೆ ಇಂಥವುಗಳ ಮೇಲೆ ಮಾತ್ರ. ನಡುವಿನ ಬರಹವನ್ನು ಹಾರಿಸಿಕೊಂಡು ಹೋಗುತ್ತದೆ. ಸುದ್ದಿ ಓದಲು ಅದು ಹೇಳಿ ಮಾಡಿಸಿದ ಕೀಯೇ ಅಲ್ಲ. ಬ್ರೌಸ್ ಮೋಡ್‌ನಲ್ಲಿ, ಅಂದರೆ ವೆಬ್ ಪುಟ ಓದುವಾಗ ಎನ್‌ವಿಡಿಎ ಇರುವ ಸ್ಥಿತಿಯಲ್ಲಿ, ಒಂದೊಂದು ಅಕ್ಷರಕ್ಕೂ ಒಂದೊಂದು ಕೆಲಸ ಇದೆ: ಎಚ್ ಒತ್ತಿದರೆ ಮುಂದಿನ ಹೆಡಿಂಗ್, ಕೆ ಒತ್ತಿದರೆ ಲಿಂಕ್, ಬಿ ಬಟನ್, ಇ ಬರೆಯುವ ಖಾನೆ, ಟಿ ಟೇಬಲ್, ಡಿ ಲ್ಯಾಂಡ್‌ಮಾರ್ಕ್ (ಮೆನು, ಮುಖ್ಯ ಬರಹದಂಥ ಪುಟದ ಭಾಗ). ಶಿಫ್ಟ್ ಸೇರಿಸಿದರೆ ಹಿಂದಕ್ಕೆ. ನನಗೆ ತುಂಬಾ ಇಷ್ಟವಾದದ್ದು ಎನ್: ಲಿಂಕುಗಳ ಗುಂಪನ್ನು ದಾಟಿ ನೇರ ಬರಹಕ್ಕೆ ಕರೆದುಕೊಂಡು ಹೋಗುತ್ತದೆ. ಕನ್ನಡ ವಿಕಿಪೀಡಿಯದ ಯಾವುದಾದರೂ ಉದ್ದದ ಲೇಖನ ತೆರೆದು 2 ಒತ್ತುತ್ತಾ ಹೋಗಿ. ಎರಡನೇ ಹಂತದ ಹೆಡಿಂಗ್‌ಗಳಲ್ಲಿ ಮಾತ್ರ ನಿಲ್ಲುತ್ತದೆ, ಇಡೀ ಲೇಖನದಲ್ಲಿ ಏನೇನಿದೆ ಅಂತ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಇದನ್ನು ಒಂದು ವಾರ ರೂಢಿ ಮಾಡಿಕೊಳ್ಳಿ. ಆಮೇಲೂ ಕೈಗೆ ಒಗ್ಗದೆ ಉಳಿದದ್ದನ್ನು ಮಾತ್ರ ಬದಲಾಯಿಸಿ.

ಇನ್ಸರ್ಟ್ ತೊಂದರೆ ಮೊದಲು ಮುಗಿಸೋಣ. ಎನ್‌ವಿಡಿಎ + ಕಂಟ್ರೋಲ್ + ಕೆ ಒತ್ತಿ, ಕೀಬೋರ್ಡ್ ಸೆಟ್ಟಿಂಗ್ಸ್ ತೆರೆಯುತ್ತದೆ. ಅಲ್ಲಿ ಎನ್‌ವಿಡಿಎ ಕೀಯಾಗಿ ಕ್ಯಾಪ್ಸ್ ಲಾಕ್ ಅನ್ನೂ ಟಿಕ್ ಮಾಡಿ. ಎಡಗೈ ಕಿರುಬೆರಳ ಪಕ್ಕದಲ್ಲೇ ಇರುವ ಕೀ, ಎಫ್‌ಎನ್ ಹಂಗಿಲ್ಲ. ನಿಜವಾಗಿ ಕ್ಯಾಪ್ಸ್ ಬೇಕಾದಾಗ ಬೇಗ ಬೇಗ ಎರಡು ಸಲ ಒತ್ತಿದರಾಯಿತು.

ಈಗ ಎಫ್7. ಅದು ತೆರೆಯುವುದು ಎಲಿಮೆಂಟ್ಸ್ ಲಿಸ್ಟ್, ಪುಟದ ಲಿಂಕು, ಹೆಡಿಂಗುಗಳೆಲ್ಲ ಒಂದೇ ಪಟ್ಟಿಯಲ್ಲಿ ಸಿಗುವ ಜಾಗ. ಬದಲಾಯಿಸಲು ಮೊದಲು ಬ್ರೌಸರಿನಲ್ಲಿ ಯಾವುದಾದರೂ ಪುಟ ತೆರೆದು ಅದರೊಳಗೆ ಇರಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಡೆಸ್ಕ್‌ಟಾಪ್‌ನಲ್ಲಿ ನಿಂತು ಕೀ ಬದಲಾಯಿಸುವ ಕಿಟಕಿ ತೆರೆದರೆ ಬ್ರೌಸ್ ಮೋಡ್ ಆದೇಶಗಳು ಪಟ್ಟಿಯಲ್ಲೇ ಬರುವುದಿಲ್ಲ. ನಾನು ಒಂದು ಸಂಜೆ ಪೂರ್ತಿ ಅದನ್ನು ಹುಡುಕಿ, ಸಾಫ್ಟ್‌ವೇರ್ ಕೆಟ್ಟಿದೆ ಅಂತ ತೆಗೆದು ಮತ್ತೆ ಹಾಕಿದ್ದೆ.

ಪುಟದೊಳಗೆ ಇದ್ದುಕೊಂಡು ಎನ್‌ವಿಡಿಎ + ಎನ್, ಪ್ರಿಫರೆನ್ಸಸ್, ಇನ್‌ಪುಟ್ ಜೆಸ್ಚರ್ಸ್. ಫಿಲ್ಟರ್ ಖಾನೆಯಲ್ಲಿ ಇಂಗ್ಲಿಷಿನಲ್ಲಿ ಎಲಿಮೆಂಟ್ಸ್ ಎಂದು ಟೈಪ್ ಮಾಡಿ. ಟ್ಯಾಬ್ ಒತ್ತಿ ಕೆಳಗಿನ ಟ್ರೀಗೆ (ಗುಂಪು ಗುಂಪಾಗಿರುವ ಆದೇಶಗಳ ಪಟ್ಟಿಗೆ) ಬಂದು, ಬಲ ಬಾಣದಿಂದ ಬ್ರೌಸ್ ಮೋಡ್ ಗುಂಪನ್ನು ಬಿಡಿಸಿ, ಆ ಆದೇಶದ ಮೇಲೆ ನಿಂತು ಆ್ಯಡ್ ಬಟನ್ ಒತ್ತಿ. ಆಮೇಲೆ ನಿಮಗೆ ಬೇಕಾದ ಕೀ ಒತ್ತಿ. ನಾನು ಇಟ್ಟುಕೊಂಡಿರುವುದು ಎನ್‌ವಿಡಿಎ + ಜೆ. ಇದು ಲ್ಯಾಪ್‌ಟಾಪ್ ಲೇಔಟಿಗೆ (ಕೀಗಳ ಜೋಡಣೆಗೆ) ಮಾತ್ರವೋ ಎಲ್ಲ ಲೇಔಟಿಗೋ ಎಂದು ಕೇಳಿದರೆ ಎಲ್ಲಕ್ಕೂ ಎನ್ನಿ. ಕೊನೆಗೆ ಓಕೆ ಒತ್ತಲು ಮರೆಯಬೇಡಿ. ಹಳೆಯ ಎಫ್7 ಹಾಗೇ ಇರಲಿ, ತೆಗೆಯುವುದು ಬೇಡ. ಒಂದು ಕೆಲಸಕ್ಕೆ ಎರಡು ಕೀ ಇದ್ದರೆ ನಷ್ಟವೇನಿಲ್ಲ.

ಹೊಸ ಕೀ ಕೊಡುವ ಮುಂಚೆ ಅದು ಖಾಲಿ ಇದೆಯಾ ಅಂತ ನೋಡಿಕೊಳ್ಳಿ. ಎನ್‌ವಿಡಿಎ + 1 ಒತ್ತಿದರೆ ಇನ್‌ಪುಟ್ ಹೆಲ್ಪ್ ಶುರು. ಆಗ ಯಾವ ಕೀ ಒತ್ತಿದರೂ ಅದರ ಕೆಲಸ ಏನು ಅಂತ ಬಾಯಲ್ಲಿ ಹೇಳುತ್ತದೆ, ಮಾಡುವುದಿಲ್ಲ. ಮತ್ತೆ ಅದನ್ನೇ ಒತ್ತಿದರೆ ನಿಲ್ಲುತ್ತದೆ.

ಒಂದು ಎಚ್ಚರಿಕೆ, ನನ್ನ ಪೆದ್ದುತನದ ಕಥೆ ಸಮೇತ. ಹೊಸ ಹುರುಪಿನಲ್ಲಿ ನಾನು ಇಪ್ಪತ್ತಕ್ಕೂ ಜಾಸ್ತಿ ಕೀ ಬದಲಾಯಿಸಿದ್ದೆ. ಅದರಲ್ಲಿ ಸಮಯ ಹೇಳುವ ಆದೇಶಕ್ಕೆ ಬರೀ ವೈ ಅಕ್ಷರ ಕೊಟ್ಟೆ. ಆ ಆದೇಶ ಪುಟಕ್ಕೆ ಸೀಮಿತವಲ್ಲ, ಇಡೀ ಕಂಪ್ಯೂಟರಿಗೆ ಸೇರಿದ್ದು. ಮಾರನೇ ದಿನ ಆಫೀಸಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆಯುತ್ತಿದ್ದೇನೆ, ವೈ ಬಂದಾಗಲೆಲ್ಲ ಅಕ್ಷರದ ಬದಲು ಗಂಟೆ ಎಷ್ಟು ಅಂತ ಹೇಳುತ್ತಿದೆ! ಪಕ್ಕದ ಟೇಬಲಿನವರು, ಏನ್ರೀ, ಮನೆಗೆ ಹೊರಡೋಕೆ ಇಷ್ಟು ಅವಸರವಾ ಅಂದರು. ಮುಂದಿನ ಕೀಯನ್ನು ಸುಮ್ನೆ ಪ್ರೋಗ್ರಾಮಿಗೆ ಬಿಟ್ಟುಕೊಡು ಅನ್ನುವ ಎನ್‌ವಿಡಿಎ + ಎಫ್2 ಒತ್ತಿ, ಒಂದೊಂದು ವೈಯನ್ನೂ ಹಾಗೇ ಟೈಪ್ ಮಾಡಿ ಆ ಮೇಲ್ ಮುಗಿಸಿದೆ. ಹಾಗಾಗಿ ಒಂಟಿ ಅಕ್ಷರ ಕೊಡುವುದಾದರೆ ಮುಂದಿನ ಇದಕ್ಕೆ, ಹಿಂದಿನ ಅದಕ್ಕೆ ಹೋಗು ಎನ್ನುವ ಆದೇಶಗಳಿಗೆ ಮಾತ್ರ ಕೊಡಿ. ಅವು ಫಾರ್ಮ್ ತುಂಬುವಾಗ ತಾವೇ ಸುಮ್ಮನಿರುತ್ತವೆ.

ಅಂಥ ಒಂದು ಆದೇಶ ಕನ್ನಡ ಪುಟ ಓದುವವರಿಗೆ ನಿಜವಾಗಿ ಉಪಯೋಗ. ನಮ್ಮ ಎಷ್ಟೋ ಪುಟಗಳಲ್ಲಿ ಉಪಶೀರ್ಷಿಕೆಯನ್ನು ಹೆಡಿಂಗ್ ಮಾಡುವುದಿಲ್ಲ, ಸುಮ್ನೆ ದಪ್ಪಕ್ಷರ ಮಾಡಿ ಬಿಡುತ್ತಾರೆ. ಕಣ್ಣಿಗೆ ಎರಡೂ ಒಂದೇ. ಎಚ್ ಒತ್ತಿದರೆ ಮಾತ್ರ ಅಲ್ಲಿ ಏನೂ ಸಿಗುವುದಿಲ್ಲ. ಈಚಿನ ಎನ್‌ವಿಡಿಎಯಲ್ಲಿ ಬೇರೆ ಶೈಲಿಯ ಬರಹಕ್ಕೆ ಹೋಗು ಎಂಬ ಆದೇಶ ಇದೆ, ಆದರೆ ಅದಕ್ಕೆ ಕೀ ಕೊಟ್ಟಿಲ್ಲ. ನಾವೇ ಕೊಟ್ಟುಕೊಳ್ಳಬೇಕು. ಫಿಲ್ಟರಿನಲ್ಲಿ ಸ್ಟೈಲ್ ಎಂದು ಹುಡುಕಿ. ಮುಂದಕ್ಕೆ ಜೆ, ಹಿಂದಕ್ಕೆ ಶಿಫ್ಟ್ + ಜೆ ಎಂದು ಎರಡನ್ನೂ ಬೇರೆ ಬೇರೆಯಾಗಿ ಸೇರಿಸಬೇಕು. ಜೆ ನನ್ನಲ್ಲಿ ಖಾಲಿ ಇತ್ತು. ಈಗ ದಪ್ಪಕ್ಷರದ ಸಾಲಿನಿಂದ ಸಾಲಿಗೆ ಹಾರುತ್ತೇನೆ.

ಇನ್ನು ಕೆಲವು ಸೈಟುಗಳಿಗೆ ತಮ್ಮದೇ ಶಾರ್ಟ್‌ಕಟ್ ಇರುತ್ತವೆ. ಜಿಮೇಲ್ ಹಾಗೆ. ಅಲ್ಲಿ ನೀವು ಒತ್ತಿದ ಅಕ್ಷರವನ್ನು ಎನ್‌ವಿಡಿಎ ನುಂಗಿಬಿಡುತ್ತದೆ. ಅದಕ್ಕೆಂದು ಯಾವ ಕೀಯನ್ನೂ ಬದಲಾಯಿಸಬೇಡಿ. ಎನ್‌ವಿಡಿಎ + ಶಿಫ್ಟ್ + ಸ್ಪೇಸ್ ಒತ್ತಿದರೆ ಒಂಟಿ ಅಕ್ಷರದ ಓಡಾಟ ನಿಲ್ಲುತ್ತದೆ, ಇನ್ನೊಮ್ಮೆ ಒತ್ತಿದರೆ ಮತ್ತೆ ಶುರುವಾಗುತ್ತದೆ.

ಆ ಇಪ್ಪತ್ತು ಕೀಗಳ ಗತಿ ಏನಾಯಿತು ಅಂದರೆ, ಒಂದು ಟ್ರೈನಿಂಗಿಗೆ ಹೋದಾಗ ಅಲ್ಲಿನ ಕಂಪ್ಯೂಟರಿನಲ್ಲಿ ನನ್ನ ಕೈ ನನ್ನದೇ ಕೀ ಹುಡುಕುತ್ತಿತ್ತು. ಮಾಮೂಲಿ ಕೀ ಮರೆತೇಹೋಗಿತ್ತು. ಮನೆಗೆ ಬಂದು ಅದೇ ಇನ್‌ಪುಟ್ ಜೆಸ್ಚರ್ಸ್‌ನಲ್ಲಿ ಫ್ಯಾಕ್ಟರಿ ಡೀಫಾಲ್ಟ್ಸ್‌ಗೆ ಮರಳಿಸುವ ಬಟನ್ ಒತ್ತಿ ಎಲ್ಲ ತೆಗೆದೆ. ಈಗ ಇರುವುದು ಮೇಲೆ ಹೇಳಿದ ಮೂರೇ. ಅವನ್ನೂ ಟೂಲ್ಸ್ ಮೆನುವಿನಲ್ಲಿ ಪೋರ್ಟಬಲ್ ಕಾಪಿ ಮಾಡಿ ಪೆನ್‌ಡ್ರೈವಿಗೆ ಹಾಕಿಟ್ಟಿದ್ದೇನೆ. ಮಾಡುವಾಗ ನಿಮ್ಮ ಈಗಿನ ಸೆಟ್ಟಿಂಗ್ಸ್ ಕೂಡ ಕಾಪಿ ಮಾಡಲಾ ಎಂಬ ಟಿಕ್ ಬರುತ್ತದೆ, ಅದನ್ನು ಹಾಕಿ. ಬೇರೆಯವರ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್ ಚುಚ್ಚಿ ಅಲ್ಲಿಂದಲೇ ಎನ್‌ವಿಡಿಎ ನಡೆಸಿದರೆ ಕ್ಯಾಪ್ಸ್ ಲಾಕೂ ಜೆಯೂ ಮನೆಯಲ್ಲಿದ್ದ ಹಾಗೇ ಇರುತ್ತವೆ.