ಚಪ್ಪಲಿ ಕಳಚಿದ್ದು ತಿಳಿಯದ ಹುಡುಗ

ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಕಾಯಿಲೆಯನ್ನು ಗುರುತಿಸಿದವರು ನರತಜ್ಞರು. ಕೇಳಿಸಿಕೊಳ್ಳುವುದು, ಸರಿಯಾದ ಕಡೆಗೆ ಕಳುಹಿಸುವುದು, ಆಮೇಲೆ ಜೊತೆಗಿರುವುದು ಇಷ್ಟೇ ನನ್ನ ಪಾಲಿನ ಕೆಲಸವಾಗಿತ್ತು. ಅದರಲ್ಲೂ ಮೊದಲು ಎಡವಿದೆ.

ಹುಡುಗನಿಗೆ 11 ವರ್ಷ, ಆರನೆಯ ತರಗತಿ. ಅಕ್ಷರ ಓದಲಾಗದಷ್ಟು ಕೆಟ್ಟಿದೆ, ಆಟದ ಅವಧಿಯಲ್ಲಿ ಬೇಕೆಂದೇ ಬೀಳುತ್ತಾನೆ, ಸೋಮಾರಿ ಎಂದು ಶಾಲೆಯವರು ಬರೆದ ಪತ್ರವನ್ನು ತಾಯಿ ತಂದಿದ್ದರು. ಈ ಹಿಂದೆ ತೋರಿಸಿದ್ದ ಕಡೆ ಅವನ ಫೈಲಿನಲ್ಲಿ ‘ಬೆಳವಣಿಗೆಯ ಸಮನ್ವಯ ದೋಷ’, ಅಂದರೆ ಡಿಸಿಡಿ, ಎಂದು ನಮೂದಾಗಿತ್ತು. ಶಾಲಾ ವಯಸ್ಸಿನ 100 ಮಕ್ಕಳಲ್ಲಿ ಸುಮಾರು ಐದಾರು ಮಂದಿಗೆ ಇರುವ ತೊಂದರೆಯಾದ್ದರಿಂದ ಆ ಹೆಸರು ನನಗೂ ಸಹಜವಾಗಿಯೇ ಕಂಡಿತು. ಮೊದಲ ಎರಡು ಭೇಟಿಗಳನ್ನು ನಾನು ಪೆನ್ಸಿಲ್ ಹಿಡಿಯುವ ಅಭ್ಯಾಸಕ್ಕೂ ಅವನ ಕುಗ್ಗಿದ ಆತ್ಮವಿಶ್ವಾಸಕ್ಕೂ ಮೀಸಲಿಟ್ಟೆ. ಅಕ್ಷರ ಯಾವಾಗಿನಿಂದ ಕೆಟ್ಟಿತು ಎಂದು ಕೇಳಲೇ ಇಲ್ಲ.

ಮೂರನೆಯ ಭೇಟಿ ಮುಗಿಸಿ ಏಳುವಾಗ ತಾಯಿ ಮಾತಿಗೆ ಮಾತು ಬಂದಂತೆ ಹೇಳಿದರು: “ಚಪ್ಪಲಿ ಕಳಚಿ ಹೋದದ್ದೂ ಇವನಿಗೆ ಗೊತ್ತಾಗಲ್ಲ ಮೇಡಂ. ಹತ್ತು ಹೆಜ್ಜೆ ಮುಂದೆ ಹೋದಮೇಲೆ ನಾನೇ ಕೂಗಿ ಹೇಳಬೇಕು.” ಅವರನ್ನು ಮತ್ತೆ ಕೂರಿಸಿ ಸ್ನಾನದ ಬಗ್ಗೆ ಕೇಳಿದೆ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ ಕೂಡಲೇ ಹುಡುಗ ಗೋಡೆಗೆ ಕೈ ಕೊಡುತ್ತಾನೆ. ರಾತ್ರಿ ಕರೆಂಟು ಹೋದರೆ ಇದ್ದಲ್ಲಿಂದ ಏಳುವುದೇ ಇಲ್ಲ. ಮನೆಯವರು ಅದನ್ನು ಕತ್ತಲೆಯ ಹೆದರಿಕೆ ಎಂದುಕೊಂಡಿದ್ದರು. ಪಾದ ಎಲ್ಲಿದೆ ಎಂಬ ಸುದ್ದಿ ನರಗಳ ಮೂಲಕ ಮೆದುಳಿಗೆ ಸರಿಯಾಗಿ ತಲುಪದಿದ್ದಾಗ ಕಣ್ಣು ಆ ಕೊರತೆಯನ್ನು ತುಂಬಿಕೊಡುತ್ತಿರುತ್ತದೆ. ಕಣ್ಣು ಮುಚ್ಚಿದರೆ ಮೈ ತೂಗಾಡುತ್ತದೆ. ಡಿಸಿಡಿ ಇರುವ ಮಗು ಎಡವುತ್ತದೆ, ಕೈಯಲ್ಲಿದ್ದದ್ದನ್ನು ಬೀಳಿಸುತ್ತದೆ, ಗುಂಡಿ ಹಾಕಿಕೊಳ್ಳಲು ಪರದಾಡುತ್ತದೆ. ಆದರೆ ತನ್ನ ಕಾಲು ಎಲ್ಲಿದೆಯೆಂದು ತಿಳಿಯಲು ಅದಕ್ಕೆ ಬೆಳಕು ಬೇಕಾಗುವುದಿಲ್ಲ.

ಮುಂದಿನ ಸಲ ಬರುವಾಗ ಮೊಬೈಲಿನಲ್ಲಿರುವ ಹಳೆಯ ವಿಡಿಯೋಗಳನ್ನು ತರುವಂತೆ ತಂದೆಗೆ ಹೇಳಿದೆ. ಹುಡುಗನಿಗೆ 8 ವರ್ಷವಿದ್ದಾಗ ನಡೆದ ಗೃಹಪ್ರವೇಶದ ವಿಡಿಯೋದಲ್ಲಿ ಅವನು ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿ ಇಳಿಯುತ್ತಿದ್ದ. ಕಳೆದ ದೀಪಾವಳಿಯದ್ದರಲ್ಲಿ ಎರಡೂ ಕಾಲನ್ನು ಅಗಲಿಸಿಕೊಂಡು, ತೇಲುವ ದೋಣಿಯಲ್ಲಿ ನಿಂತವನಂತೆ ನಿಂತು ಸುರುಸುರು ಬತ್ತಿ ಹಿಡಿದಿದ್ದ. ಒಂಬತ್ತರ ವಯಸ್ಸಿನಲ್ಲಿ ಕಲಿತ ಸೈಕಲ್ಲನ್ನು ಹತ್ತರಲ್ಲಿ ಬಿಟ್ಟಿದ್ದ. ಆ ವಿಡಿಯೋಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ. ಡಿಸಿಡಿಯಲ್ಲಿ ಮಗು ಸೈಕಲ್ಲನ್ನು ತಡವಾಗಿ ಕಲಿಯಬಹುದು, ಕಲಿಯದೆಯೂ ಇರಬಹುದು, ಕಲಿತದ್ದನ್ನು ಕಳೆದುಕೊಳ್ಳುವುದಿಲ್ಲ. ಈಗ ಯಾವ ಮಗು ಬಂದರೂ ಏನು ಬರುವುದಿಲ್ಲ ಎಂಬುದಕ್ಕಿಂತ ಮೊದಲು, ಬರುತ್ತಿದ್ದದ್ದರಲ್ಲಿ ಏನು ಹೋಯಿತು ಎಂದು ಕೇಳುತ್ತೇನೆ.

ತಂದೆಗೆ ಸೆರೆಬ್ರಲ್ ಪಾಲ್ಸಿಯ ಅನುಮಾನವಿತ್ತು. ಅದು ಬೆಳೆಯುವ ಮೆದುಳಿಗೆ ಬಹಳ ಮೊದಲೇ ಆದ ಪೆಟ್ಟಿನ ಫಲವಾಗಿದ್ದು, ಕತ್ತು ನಿಲ್ಲುವುದು, ಕೂರುವುದು, ನಡೆಯುವುದು ತಡವಾಗುವುದರಲ್ಲೇ ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತದೆ. ಹೆಚ್ಚಿನ ಮಕ್ಕಳಲ್ಲಿ ಕಾಲು ಬಿಗಿಯಾಗಿ ತುದಿಗಾಲಿನ ನಡಿಗೆ ಬರುತ್ತದೆ. ಸಮತೋಲ ತಪ್ಪುವ ಅಟಾಕ್ಸಿಕ್ ಬಗೆಯೂ ಅಪರೂಪಕ್ಕೆ ಉಂಟು, ಆದರೆ ಮೆದುಳಿನ ಆ ಪೆಟ್ಟು ಮುಂದುವರಿಯುವುದಿಲ್ಲ. ನೆಲದಿಂದ ಏಳುವಾಗ ತೊಡೆಯ ಮೇಲೆ ಕೈಯೂರಿ ಏಳುವ, ಮೀನಖಂಡ ದಪ್ಪವಾಗಿರುವ ಹುಡುಗನಾಗಿದ್ದರೆ ಸ್ನಾಯುಕ್ಷಯದ ಕಡೆಗೆ ನೋಡಬೇಕಾಗುತ್ತಿತ್ತು. ಅಲ್ಲಿ ಸೋಲುವುದು ಬಲ, ಸಮತೋಲವಲ್ಲ. ನಡೆಯಲು ಕಲಿತ ಹೊಸತರಲ್ಲೇ ತೂರಾಡುವ, ಪದೇ ಪದೇ ಎದೆಯ ಸೋಂಕಾಗುವ, ಕೆಲವು ವರ್ಷಗಳಲ್ಲಿ ಕಣ್ಣಿನ ಬಿಳಿಭಾಗದಲ್ಲಿ ಕೆಂಪು ರಕ್ತನಾಳಗಳು ಎದ್ದು ಕಾಣುವ ಮಗುವಿನಲ್ಲಿ ಅಟಾಕ್ಸಿಯಾ ಟೆಲಾಂಜೆಕ್ಟೇಸಿಯಾವನ್ನು ವೈದ್ಯರು ಸಂಶಯಿಸುತ್ತಾರೆ. ಅಂಥ ಮಕ್ಕಳ ದೇಹ ವಿಕಿರಣವನ್ನು ತಾಳುವುದಿಲ್ಲವಾದ್ದರಿಂದ ಅನಗತ್ಯ ಎಕ್ಸ್‌ರೇ ಕೂಡ ಬೇಡವೆನ್ನುತ್ತಾರೆ. ಒಂದೆರಡು ದಿನಗಳಲ್ಲಿ, ಉದಾಹರಣೆಗೆ ಸೀತಾಳೆ ಸಿಡುಬಿನ (ಚಿಕನ್‌ಪಾಕ್ಸ್) ಬೆನ್ನಿಗೆ, ಹಠಾತ್ತನೆ ತೂರಾಟ ಶುರುವಾದರೆ, ಅಥವಾ ಬೆಳಗಿನ ಹೊತ್ತು ತಲೆನೋವು ವಾಂತಿಯೊಂದಿಗೆ ನಡಿಗೆ ಕೆಟ್ಟರೆ, ಅಂಥ ಮಗು ನನ್ನ ಬಳಿಗೆ ಬರಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ನರತಜ್ಞರು ಮಂಡಿಗೂ ಹಿಮ್ಮಡಿಗೂ ಸುತ್ತಿಗೆಯಿಂದ ತಟ್ಟಿದಾಗ ಕಾಲು ಚಿಮ್ಮಲಿಲ್ಲ. ಹೆಬ್ಬೆರಳಿನ ಮೇಲಿಟ್ಟ ಶ್ರುತಿಕವೆಯ ಕಂಪನ ಹುಡುಗನಿಗೆ ತಿಳಿಯಲಿಲ್ಲ. ಪಾದದ ಕಮಾನು ಎತ್ತರವಾಗಿತ್ತು, ಬೆನ್ನುಮೂಳೆ ತುಸು ವಾಲಿತ್ತು, ಎಕೋದಲ್ಲಿ ಹೃದಯದ ಗೋಡೆ ದಪ್ಪಗಾಗಿತ್ತು. ಇವೆಲ್ಲ ಒಟ್ಟಿಗೆ ಸೂಚಿಸುತ್ತಿದ್ದದ್ದು ಫ್ರೀಡ್ರೈಕ್ ಅಟಾಕ್ಸಿಯಾವನ್ನು. ಜರ್ಮನಿಯ ವೈದ್ಯ ನಿಕೊಲಾಸ್ ಫ್ರೀಡ್ರೈಕ್ 1863ರಲ್ಲಿ ವಿವರಿಸಿದ, ನರಗಳು ನಿಧಾನವಾಗಿ ಕೆಡುತ್ತಾ ಸಮತೋಲ ತಪ್ಪಿಸುವ ಆನುವಂಶಿಕ ಕಾಯಿಲೆ ಇದು. ತಂದೆ ಮಾತ್ರ ನಂಬಲು ಸಿದ್ಧರಿರಲಿಲ್ಲ. ಹಿಂದೊಮ್ಮೆ ಮಾಡಿಸಿದ್ದ ಮೆದುಳಿನ ಎಂಆರ್‌ಐ ನಾರ್ಮಲ್, ಸಾಲ ಮಾಡಿ ಮಾಡಿಸಿದ್ದ ಎಕ್ಸೋಮ್ ಎಂಬ ವಂಶವಾಹಿ ಪರೀಕ್ಷೆಯೂ ನಾರ್ಮಲ್ ಆಗಿದ್ದವು. ಈ ಕಾಯಿಲೆಯ ಆರಂಭದಲ್ಲಿ ಕಿರುಮೆದುಳು ಎಂಆರ್‌ಐಯಲ್ಲಿ ಸಾಮಾನ್ಯವಾಗಿಯೇ ಕಾಣಬಹುದು. ವಂಶವಾಹಿಯ ದೋಷವಾದರೋ ಅಕ್ಷರ ತಪ್ಪಿದ್ದಲ್ಲ. ಜಿಎಎ ಎಂಬ ಮೂರಕ್ಷರಗಳ ತುಣುಕು ನೂರಾರು ಸಲ ಮರುಕಳಿಸಿ ಉದ್ದವಾದದ್ದು. ಸಾಮಾನ್ಯ ಎಕ್ಸೋಮ್ ಪರೀಕ್ಷೆಗೆ ಆ ಉದ್ದ ಕಣ್ಣಿಗೆ ಬೀಳುವುದಿಲ್ಲ, ಅದಕ್ಕೆಂದೇ ಇರುವ ಬೇರೆ ಪರೀಕ್ಷೆ ಬೇಕು. ಅದನ್ನು ಕಳುಹಿಸುವ ಜೊತೆಗೇ ವೈದ್ಯರು ರಕ್ತದಲ್ಲಿನ ವಿಟಮಿನ್ ಇ ಪ್ರಮಾಣವನ್ನೂ ನೋಡಿದರು. ಆ ವಿಟಮಿನ್ನಿನ ಆನುವಂಶಿಕ ಕೊರತೆ ಹೆಚ್ಚುಕಡಿಮೆ ಇದೇ ವೇಷದಲ್ಲಿ ಬರುತ್ತದೆ, ಮತ್ತು ಅದಕ್ಕೆ ಚಿಕಿತ್ಸೆಯಿದೆ. ವಿಟಮಿನ್ ಸರಿಯಾಗಿತ್ತು. ಫ್ರೀಡ್ರೈಕ್ ಖಚಿತವಾಯಿತು.

ನನ್ನ ನಿಜವಾದ ಕೆಲಸ ಶುರುವಾದದ್ದು ಇಲ್ಲಿಂದ. ತಾಯಿ ಮದುವೆಯಾಗಿದ್ದದ್ದು ಸ್ವಂತ ಸೋದರಮಾವನನ್ನು. ಆದ್ದರಿಂದ ಮನೆಯ ಹಿರಿಯಜ್ಜಿ ಆಕೆಗೆ ಅತ್ತೆಯೂ ಹೌದು, ಹೆತ್ತಮ್ಮನ ತಾಯಿಯೂ ಹೌದು. “ಹುಡುಗಿ ಹೊರಗೆ ಹೋಗಬಾರದು ಅಂತ ಹಟ ಹಿಡಿದು ಮದುವೆ ಮಾಡಿಸಿದವಳು ನಾನು. ಇದು ನನ್ನ ಕಡೆಯದ್ದೋ, ಅವರ ಕಡೆಯದ್ದೋ ಹೇಳಿಬಿಡಮ್ಮ,” ಎಂದು ಅಜ್ಜಿ ಕೇಳಿದರು. ತಂದೆತಾಯಿ ಇಬ್ಬರೂ ಆ ವಂಶವಾಹಿಯ ಒಂದೊಂದು ದೋಷಯುಕ್ತ ಪ್ರತಿಯನ್ನು ಕೊಟ್ಟಾಗ ಮಾತ್ರ ಈ ಕಾಯಿಲೆ ಬರುತ್ತದೆ, ರಕ್ತಸಂಬಂಧದಲ್ಲಿ ಹಾಗಾಗುವ ಸಂಭವ ಹೆಚ್ಚು, ಆದರೆ ಸಂಬಂಧವೇ ಇಲ್ಲದವರ ಮಕ್ಕಳಿಗೂ ಬರುತ್ತದೆ ಎಂದು ವಿವರಿಸಿದೆ. ಯಾರ ಕಡೆಯದೆಂದು ಹುಡುಕುವ ಪರೀಕ್ಷೆಯಿಂದ ಹುಡುಗನಿಗೆ ಯಾವ ಪ್ರಯೋಜನವೂ ಇಲ್ಲವೆಂದೂ, ಅದನ್ನು ಮಾಡಿಸುವುದು ಬೇಡವೆಂದೂ ಸ್ಪಷ್ಟವಾಗಿಯೇ ಹೇಳಿದೆ.

ಹುಡುಗನಿಗೆ 7 ವರ್ಷದ ತಂಗಿಯಿದ್ದಾಳೆ. ಅವಳಿಗೂ ಕಾಯಿಲೆ ಬಂದಿರುವ ಸಂಭವ ನಾಲ್ಕರಲ್ಲಿ ಒಂದು. ಕೂಡಲೇ ಅವಳ ರಕ್ತವನ್ನೂ ಕೊಟ್ಟುಬಿಡೋಣ ಎಂದು ತಂದೆ ಆತುರಪಟ್ಟರು. ಲಕ್ಷಣವಿಲ್ಲದ ಮಗುವಿನ ಮೇಲೆ ಅಂಥ ಫಲಿತಾಂಶವನ್ನು ಹೊರಿಸುವ ಬದಲು ವರ್ಷಕ್ಕೊಮ್ಮೆ ನರತಜ್ಞರಿಗೆ ತೋರಿಸಿ, ನಡಿಗೆಯಲ್ಲೋ, ಸುತ್ತಿಗೆ ತಟ್ಟಿದಾಗ ಕಾಲು ಚಿಮ್ಮುವ ರಿಫ್ಲೆಕ್ಸಿನಲ್ಲೋ ವ್ಯತ್ಯಾಸ ಕಂಡರೆ ಆಗ ಮಾಡಿಸುವುದು ಒಳ್ಳೆಯದೆಂದು ಸಲಹೆ ಕೊಟ್ಟೆ. ವಿಟಮಿನ್ ಇ ಕೊರತೆಯಾಗಿದ್ದರೆ ಇದೇ ನಾನು ಅದೇ ವಾರ ಪರೀಕ್ಷೆ ಮಾಡಿಸಿ ಎನ್ನುತ್ತಿದ್ದೆ, ಏಕೆಂದರೆ ಆಗ ಕೊಡಲು ಕೈಯಲ್ಲಿ ಔಷಧ ಇರುತ್ತಿತ್ತು. ಅಮೆರಿಕದಲ್ಲಿ 2023ರ ಫೆಬ್ರುವರಿಯಲ್ಲಿ ಫ್ರೀಡ್ರೈಕ್‌ಗೆಂದು ಅನುಮೋದನೆ ಪಡೆದ ಒಮಾವೆಲೊಕ್ಸೊಲೋನ್ ಬಗ್ಗೆ ತಂದೆ ಓದಿಕೊಂಡು ಬಂದಿದ್ದರು. ಆ ಅನುಮೋದನೆ 16 ವರ್ಷ ತುಂಬಿದವರಿಗೆ ಸಂಬಂಧಿಸಿದ್ದು, ಔಷಧವೂ ಕಾಯಿಲೆಯ ಓಟವನ್ನು ನಿಧಾನಗೊಳಿಸುತ್ತದೆಯೇ ಹೊರತು ಕಳೆದದ್ದನ್ನು ಮರಳಿಸುವುದಿಲ್ಲ ಎಂದು ತಿಳಿಸಿ, ಹೊಲ ಮಾರುವ ಮಾತನ್ನು ಸದ್ಯಕ್ಕೆ ನಿಲ್ಲಿಸಿದೆ.

ಉಳಿದ ಸಲಹೆಗಳೆಲ್ಲ ದಿನನಿತ್ಯದವು. ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ, ಬಚ್ಚಲಿನ ಗೋಡೆಗೆ ಕಂಬಿ, ರಾತ್ರಿ ನಡುಮನೆಯಲ್ಲಿ ಸಣ್ಣ ದೀಪ, ತಪ್ಪದೆ ಫಿಸಿಯೋಥೆರಪಿ, ವರ್ಷಕ್ಕೊಮ್ಮೆ ಎಕೋ ಮತ್ತು ಸಕ್ಕರೆ ಪರೀಕ್ಷೆ, ಏಕೆಂದರೆ ಈ ಕಾಯಿಲೆ ಹೃದಯವನ್ನೂ ಕೆಡಿಸುತ್ತದೆ, ಕೆಲವರಿಗೆ ಮಧುಮೇಹವನ್ನೂ ತರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ದೀರ್ಘಕಾಲಿಕ ನರಸಂಬಂಧಿ ಕಾಯಿಲೆಗಳೂ ಸೇರಿರುವುದರಿಂದ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಿಸಿದೆ. ಮುಂದೆ ಪಬ್ಲಿಕ್ ಪರೀಕ್ಷೆಯ ಹೊತ್ತಿಗೆ ಬರೆಯಲು ಸಹಾಯಕರನ್ನೂ ಗಂಟೆಗೆ 20 ನಿಮಿಷದ ಹೆಚ್ಚುವರಿ ಸಮಯವನ್ನೂ ಕೇಳುವುದಕ್ಕೆ ಆ ದಾಖಲೆ ಬೇಕಾಗುತ್ತದೆ.

ಹುಡುಗ ನನ್ನನ್ನು ಕೇಳಿದ್ದು ಒಂದೇ: “ನಾನು ಸೋಮಾರಿ ಅಲ್ಲ ಅಂತ ನಮ್ಮ ಮಿಸ್‌ಗೆ ಬರೆದುಕೊಡ್ತೀರಾ?” ಬರೆದುಕೊಟ್ಟೆ. ಪತ್ರವನ್ನು ಮೊದಲು ಅವನಿಗೇ ಓದಿ ಹೇಳಿ, ‘ಪಾಪ’ ಎನ್ನುವಂತಿದ್ದ ಒಂದು ವಾಕ್ಯವನ್ನು ಅವನ ಮಾತಿನಂತೆ ಹೊಡೆದುಹಾಕಿದೆ.

ಸೈಕಲ್ಲನ್ನು ಅವನು ತಂಗಿಗೆ ಕೊಟ್ಟಿದ್ದಾನೆ. ಅವಳು ಓಡಿಸುವಷ್ಟು ಹೊತ್ತೂ ತಾಯಿ ಜಗಲಿಯಲ್ಲಿ ನಿಂತು, ಅವಳು ತಿರುಗುವ ಪ್ರತಿ ತಿರುವನ್ನೂ ನೋಡುತ್ತಿರುತ್ತಾರಂತೆ. ಮುಂದಿನ ಭೇಟಿಗೆ ಅವರೊಬ್ಬರನ್ನೇ ಬರಹೇಳಿದ್ದೇನೆ.