ಸಿಗರೇಟಿಗೂ ಕೂಡದ ಮೂಳೆಗೂ ಏನು ಸಂಬಂಧ?

ಪ್ರಶ್ನೆ: ನನಗೆ 46 ವರ್ಷ. ಐದು ತಿಂಗಳ ಹಿಂದೆ ಬಿದ್ದು ಮೊಣಕಾಲಿನ ಕೆಳಗಿನ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಮಾಡಿ ರಾಡ್ ಹಾಕಿದ್ದಾರೆ. ಮೂಳೆ ಇನ್ನೂ ಕೂಡಿಲ್ಲ. ಸಿಗರೇಟು ಬಿಡದಿದ್ದರೆ ಕೂಡುವುದು ಕಷ್ಟವೆಂದು ವೈದ್ಯರು ಹೇಳುತ್ತಾರೆ. ಹೊಗೆ ಹೋಗುವುದು ಶ್ವಾಸಕೋಶಕ್ಕಲ್ಲವೆ? ಕ್ಯಾಲ್ಸಿಯಂ ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದೇನೆ. ಅದು ಸಾಲದೆ?

ಉತ್ತರ: ಸಾಲದು. ಹೊಗೆಯಲ್ಲಿರುವ ನಿಕೋಟಿನ್ ಮತ್ತು ಕಾರ್ಬನ್ ಮಾನಾಕ್ಸೈಡ್ ಶ್ವಾಸಕೋಶದಿಂದ ಕೆಲವೇ ಕ್ಷಣಗಳಲ್ಲಿ ರಕ್ತಕ್ಕೆ ಸೇರಿ, ರಕ್ತ ಹರಿಯುವ ಕಡೆಗೆಲ್ಲ, ಎಂದರೆ ನಿಮ್ಮ ಮುರಿದ ಮೂಳೆಯ ತುದಿಗಳಿಗೂ, ಹೋಗುತ್ತವೆ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ, ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುವುದರಿಂದ, ತಲುಪಿದ ಅಷ್ಟು ರಕ್ತದಲ್ಲಿಯೂ ಆಮ್ಲಜನಕ ಕಡಿಮೆಯಿರುತ್ತದೆ. ಮೊದಲೇ ಈ ಮೂಳೆಯ ಮುಂಭಾಗದಲ್ಲಿ ಚರ್ಮದ ಕೆಳಗೆ ಮಾಂಸದ ಹೊದಿಕೆಯೇ ಇಲ್ಲ. ಬೆರಳಿಟ್ಟು ಸವರಿದರೆ ಅದರ ಅಂಚು ನೇರವಾಗಿ ಕೈಗೆ ಸಿಗುತ್ತದೆ. ಹಾಗಾಗಿ ಸುತ್ತಲಿನ ಮಾಂಸಖಂಡಗಳಿಂದ ಅದಕ್ಕೆ ದೊರೆಯುವ ರಕ್ತವೂ ಅಷ್ಟಕ್ಕಷ್ಟೆ.

ನಿಮ್ಮ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ನೋಡಿ. ಕೂಡುತ್ತಿರುವ ಮೂಳೆಯಾದರೆ ಮುರಿತದ ಸುತ್ತ ಮಸುಕಾದ ಬಿಳಿಯ ಮೋಡದಂತಹ ಉಬ್ಬು ಕಾಣಿಸಿಕೊಂಡು, ತಿಂಗಳು ಕಳೆದಂತೆ ದಟ್ಟವಾಗುತ್ತ ಹೋಗುತ್ತದೆ. ಹೊಸ ಮೂಳೆಯಾದ ಆ ಉಬ್ಬನ್ನು ಕಟ್ಟುವ ಜೀವಕೋಶಗಳನ್ನೇ ತಂಬಾಕಿನ ಹೊಗೆ ಕುಂಠಿತಗೊಳಿಸುತ್ತದೆ. ಧೂಮಪಾನಿಗಳಲ್ಲಿ ಕರುಳು ಕ್ಯಾಲ್ಸಿಯಂ ಅನ್ನು ಹೀರಿಕೊಳ್ಳುವ ಪ್ರಮಾಣವೂ ತಗ್ಗಿರುತ್ತದೆ. ನಿಮ್ಮ ಮಾತ್ರೆ ವ್ಯರ್ಥವೆಂದಲ್ಲ, ಆದರೆ ಸಾಮಗ್ರಿ ತಂದು ಸುರಿದ ಮಾತ್ರಕ್ಕೆ ಗಾರೆಯವರಿಲ್ಲದೆ ಗೋಡೆ ಏಳದು.

ಹಾಗೆಂದು ಎಲ್ಲವನ್ನೂ ಸಿಗರೇಟಿನ ಮೇಲೆಯೇ ಹೊರಿಸುವುದೂ ಸರಿಯಲ್ಲ. ಸಕ್ಕರೆ ಕಾಯಿಲೆ, ಒಳಗಿನ ಸೋಂಕು, ರಾಡಿನ ಸಡಿಲ, ವಿಟಮಿನ್ ಡಿ ಕೊರತೆ ಇವುಗಳನ್ನೂ ವೈದ್ಯರು ಪರೀಕ್ಷಿಸಬೇಕು. ಮುರಿತ ವಾಸಿಯಾದ ಬಳಿಕ ಒಮ್ಮೆ ಮೂಳೆ ಸಾಂದ್ರತೆಯನ್ನು ಅಳೆಸುವುದು ಒಳ್ಳೆಯದು, ಏಕೆಂದರೆ ದೀರ್ಘಕಾಲದ ಧೂಮಪಾನದಿಂದ ಬೆನ್ನುಮೂಳೆ ಮತ್ತು ಸೊಂಟದ ಮೂಳೆಗಳು ಸದ್ದಿಲ್ಲದೆ ಸವೆಯುತ್ತವೆ.

ಈಗ ಬಿಟ್ಟರೆ ಪ್ರಯೋಜನವುಂಟೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಉಂಟು. ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ ಒಂದೆರಡು ದಿನಗಳಲ್ಲಿಯೇ ಇಳಿಯುತ್ತದೆ. ಸವೆದ ಮೂಳೆ ಚೇತರಿಸಿಕೊಳ್ಳಲು ಮಾತ್ರ ವರ್ಷಗಳೇ ಬೇಕು. ಬಿಡಲು ನಿಕೋಟಿನ್ ಚ್ಯೂಯಿಂಗ್ ಗಮ್ ಅಥವಾ ಚರ್ಮಕ್ಕೆ ಅಂಟಿಸುವ ಪಟ್ಟಿಯ ನೆರವು ಬೇಕೆನಿಸಿದರೆ, ಅವುಗಳಲ್ಲಿ ಹೊಗೆಯಿಲ್ಲದಿದ್ದರೂ ನಿಕೋಟಿನ್ ಇದ್ದೇ ಇರುವುದರಿಂದ, ಎಷ್ಟು ಮತ್ತು ಎಷ್ಟು ದಿನ ಎಂಬುದನ್ನು ನಿಮ್ಮ ಮೂಳೆ ವೈದ್ಯರನ್ನೇ ಕೇಳಿ ನಿರ್ಧರಿಸಿ.