ಸಣ್ಣ ವೆಬ್ ಸ್ಟಾರ್ಟಪ್ ತನ್ನ ತಂಡದ ಸುದ್ದಿಯನ್ನು ಸೋಶಿಯಲ್ ಮೀಡಿಯಾದಲ್ಲಿ ಹಾಕಬೇಕಾ? ಅದಕ್ಕೆ ಯಾವ ಟೂಲ್ ಒಳ್ಳೆಯದು?

ನಿಮ್ಮದು ಐದು ಜನರ ತಂಡ. ಹೊಸದಾಗಿ ಒಬ್ಬ ಡಿಸೈನರ್ ಸೇರಿದ್ದಾರೆ, ಸದ್ಯದಲ್ಲೇ ಹೊಸ ಫೀಚರ್ ಬರಲಿದೆ, ಸೋಶಿಯಲ್ ಮೀಡಿಯಾ ನೋಡಿಕೊಳ್ಳಲು ಅಂತ ಬೇರೆ ಜನ ಇಲ್ಲ. ಇಂಥ ಸುದ್ದಿಯನ್ನು ಯಾರು ಓದುತ್ತಾರೆ, ಯಾವ ಟೂಲ್‌ಗೆ ದುಡ್ಡು ಕೊಡಬೇಕು ಅಂತ ಕೇಳಿದ್ದೀರಿ. ನಾನೂ ಇಷ್ಟೇ ಸಣ್ಣ ತಂಡದಲ್ಲಿ ಬೇರೆ ಕೆಲಸದ ಜೊತೆಗೆ ಇದನ್ನೂ ನೋಡಿಕೊಳ್ಳುತ್ತೇನೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಓದುತ್ತಾರೆ. ನಿಮ್ಮ ಪ್ರಾಡಕ್ಟ್ ಇಷ್ಟವಾಗಿ, ದುಡ್ಡು ಕಟ್ಟುವ ಮುಂಚೆ ಒಂದು ಗಳಿಗೆ ಹಿಂದೆಮುಂದೆ ನೋಡುವವರು ಓದುತ್ತಾರೆ. ಈ ಕಂಪನಿ ಇನ್ನೂ ನಡೀತಿದೆಯಾ, ಹಿಂದೆ ಯಾರಿದ್ದಾರೆ, ತೊಂದರೆಯಾದರೆ ಉತ್ತರ ಸಿಗುತ್ತದಾ ಅಂತ ಅವರು ಹುಡುಕುತ್ತಾರೆ. ಕೊನೆಯ ಪೋಸ್ಟ್ ವರ್ಷದ ಹಿಂದಿನದಾದರೆ ಅಲ್ಲಿಂದಲೇ ವಾಪಸ್. ನಿಮ್ಮಲ್ಲಿ ಕೆಲಸಕ್ಕೆ ಸೇರಬೇಕು ಅಂದುಕೊಂಡವರೂ ಹೀಗೇ ನೋಡುತ್ತಾರೆ. ಲೈಕ್ ಕಡಿಮೆ ಬಂತು ಅಂತ ಬೇಜಾರಾಗಬೇಡಿ. ಇವರು ಲೈಕ್ ಒತ್ತುವ ಜನ ಅಲ್ಲ.

ಇನ್ನು ಟೂಲ್ ವಿಷಯ. ಈಗಲೇ ಯಾವುದಕ್ಕೂ ದುಡ್ಡು ಕೊಡಬೇಡಿ. ಮೊದಲು ನಿಮ್ಮದೇ ಸೈಟಿನಲ್ಲಿ ಸುದ್ದಿಗೆ ಅಂತ ಒಂದು ಪುಟ ಮಾಡಿ. ಪ್ರತಿ ಸುದ್ದಿಗೂ ತಾರೀಖು ಇರಲಿ, ಬೇರೆಯದೇ ಲಿಂಕ್ ಇರಲಿ. ಬೇರೆ ಕಡೆಯೆಲ್ಲ ಅದರ ತುಣುಕು ಮತ್ತು ಲಿಂಕ್ ಹಾಕಿದರೆ ಸಾಕು. ಇಷ್ಟು ಒತ್ತಿ ಹೇಳಲು ಕಾರಣ ಇದೆ. ಗೂಗಲ್‌ನ ಸೋಶಿಯಲ್ ಮೀಡಿಯಾ ಸೈಟ್ ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿತು. ಅಲ್ಲಿ ಮಾತ್ರ ಬರೆದವರ ಬರಹವೂ ಅದರ ಜೊತೆಗೇ ಹೋಯಿತು. ಪೋಸ್ಟ್ ಶೆಡ್ಯೂಲ್ ಮಾಡುವ, ಅಂದರೆ ಮೊದಲೇ ಬರೆದಿಟ್ಟದ್ದನ್ನು ಗೊತ್ತಾದ ಹೊತ್ತಿಗೆ ಹಾಕುವ ಹೂಟ್‌ಸೂಟ್ ಅನ್ನುವ ಟೂಲ್ 2023ರಲ್ಲಿ ತನ್ನ ಉಚಿತ ಪ್ಲಾನ್ ನಿಲ್ಲಿಸಿತು. ಅದೇ ವರ್ಷ ಟ್ವಿಟರ್ ಎಕ್ಸ್ ಆಯಿತು, ವರ್ಷಗಟ್ಟಲೆ ಉಚಿತವಾಗಿದ್ದ, ಟ್ವಿಟರ್ ಖಾತೆಗಳನ್ನು ಒಂದೇ ಕಡೆ ನೋಡಿಕೊಳ್ಳುವ ಟ್ವೀಟ್‌ಡೆಕ್ ದುಡ್ಡು ಕೊಡುವವರಿಗೆ ಮಾತ್ರ ಅಂತಾಯಿತು. ಟೂಲ್ ಹೀಗೆ ಬದಲಾಗುತ್ತಲೇ ಇರುತ್ತದೆ. ಮೂಲ ಬರಹ ನಿಮ್ಮ ಡೊಮೇನಿನಲ್ಲಿ, ಅಂದರೆ ನಿಮ್ಮದೇ ಸೈಟಿನ ವಿಳಾಸದಲ್ಲಿ ಇದ್ದರೆ ಟೂಲ್ ಬಿಟ್ಟು ಬರುವುದು ಕಷ್ಟ ಆಗುವುದಿಲ್ಲ.

ಡಿಸೈನರ್ ಸೇರಿದ ಸುದ್ದಿ ಹೇಗೆ ಬರೆಯಬೇಕು? 'ನಮ್ಮ ಕುಟುಂಬಕ್ಕೆ ಹೊಸ ಸದಸ್ಯರನ್ನು ಸ್ವಾಗತಿಸಲು ಹರ್ಷಿಸುತ್ತೇವೆ' ಅಂತ ದಯವಿಟ್ಟು ಬೇಡ. ಹೊರಗಿನವರಿಗೆ ಅದರಲ್ಲಿ ಏನೂ ಇಲ್ಲ. 'ಬಿಲ್ಲಿಂಗ್ ಪುಟ ಅರ್ಥ ಆಗುವುದಿಲ್ಲ ಅಂತ ನಿಮ್ಮಲ್ಲಿ ಹಲವರು ಹೇಳುತ್ತಿದ್ದಿರಿ. ಅದನ್ನೇ ಮೊದಲು ಸರಿಮಾಡಲು ಒಬ್ಬರು ನಮ್ಮ ಜೊತೆ ಸೇರಿದ್ದಾರೆ' ಅಂತ ಬರೆಯಿರಿ. ಈಗ ಓದುವವರಿಗೂ ಅದರಲ್ಲಿ ಪಾಲಿದೆ, ಅಲ್ವಾ? ಫೋಟೋ, ಹೆಸರು, ಹಳೆಯ ಕೆಲಸದ ವಿವರ ಇವೆಲ್ಲವನ್ನೂ ಅವರನ್ನು ಕೇಳಿಯೇ ಹಾಕಿ. ಸೋಶಿಯಲ್ ಮೀಡಿಯಾದಲ್ಲಿ ಕಾಣಿಸಿಕೊಳ್ಳಲು ಇಷ್ಟವಿಲ್ಲದವರನ್ನು ಬಲವಂತ ಮಾಡಬೇಡಿ. ಇಷ್ಟ ಇದ್ದರೆ ಅವರೇ ತಮ್ಮ ಲಿಂಕ್ಡ್‌ಇನ್‌ನಲ್ಲಿ ಮೊದಲು ಬರೆಯಲಿ, ಕಂಪನಿ ಪುಟ ಅದನ್ನು ಹಂಚಿಕೊಳ್ಳಲಿ. ಕಂಪನಿಯ ಲೋಗೋ ಮಾತಾಡುವುದಕ್ಕಿಂತ ಮನುಷ್ಯರು ಮಾತಾಡಿದರೆ ಜನ ಜಾಸ್ತಿ ಕೇಳುತ್ತಾರೆ. ಎಷ್ಟು ಹೇಳಬೇಕು ಅನ್ನುವುದು ನಿಮಗೆ ಬಿಟ್ಟದ್ದು. ಪೋಸ್ಟ್ ಶೆಡ್ಯೂಲ್ ಮಾಡುವ ಟೂಲ್ ಕಟ್ಟಿದ ಬಫರ್ ತಂಡ 2013ರಲ್ಲಿ ತನ್ನವರ ಸಂಬಳವನ್ನೇ ಬಹಿರಂಗ ಮಾಡಿತು. ನೀವು ಅಷ್ಟು ದೂರ ಹೋಗಬೇಕಿಲ್ಲ. ಆದರೆ ಗ್ರಾಹಕರ ಜೊತೆ ದಿನಾ ಮಾತಾಡುತ್ತಿದ್ದವರು ಕೆಲಸ ಬಿಟ್ಟಾಗ ಅದನ್ನು ಮುಚ್ಚಿಡಬೇಡಿ. ಇನ್ನು ಮುಂದೆ ಯಾರನ್ನು ಕೇಳಬೇಕು ಅಂತಲಾದರೂ ಹೇಳಿ.

ಲಿಂಕ್ ಹಂಚುವ ಮುಂಚೆ ಅದು ಹೇಗೆ ಕಾಣುತ್ತದೆ ಅಂತ ನೋಡಿ. ಸಣ್ಣ ತಂಡಗಳು ತುಂಬಾ ಸಲ ಬಿಟ್ಟುಬಿಡುವ ಕೆಲಸ ಇದು. ಲಿಂಕ್ ಜೊತೆ ಬರುವ ಚಿತ್ರ, ಶೀರ್ಷಿಕೆ ಎಲ್ಲ ನಿಮ್ಮ ಪುಟದ ಓಪನ್ ಗ್ರಾಫ್ ಟ್ಯಾಗ್‌ಗಳಿಂದ, ಅಂದರೆ ಪುಟದ ಕೋಡಿನಲ್ಲಿ ಬರೆದಿಡುವ ಕಿರು ವಿವರಗಳಿಂದ ಬರುತ್ತವೆ. ಫೇಸ್‌ಬುಕ್ 2010ರಲ್ಲಿ ಶುರು ಮಾಡಿದ್ದು ಇದು. ಈಗ ಲಿಂಕ್ಡ್‌ಇನ್, ವಾಟ್ಸಾಪ್ ಕೂಡ ಇದನ್ನೇ ಓದುತ್ತವೆ. ಚಿತ್ರ 1200 ಪಿಕ್ಸೆಲ್ ಅಗಲ, 630 ಎತ್ತರ ಇರಲಿ. ಟ್ಯಾಗ್ ಸರಿಮಾಡಿದ ಮೇಲೂ ಹಳೆಯ ಚಿತ್ರವೇ ಬರುತ್ತಿದ್ದರೆ ತಪ್ಪು ನಿಮ್ಮ ಕೋಡಿನಲ್ಲಿ ಇರಬೇಕೆಂದಿಲ್ಲ. ಆ ಸೈಟುಗಳು ಹಳೆಯದರ ಪ್ರತಿಯನ್ನು ತಮ್ಮ ಕ್ಯಾಶ್‌ನಲ್ಲಿ (ತಾತ್ಕಾಲಿಕ ಸಂಗ್ರಹದಲ್ಲಿ) ಇಟ್ಟುಕೊಂಡಿರುತ್ತವೆ. ಫೇಸ್‌ಬುಕ್‌ನ ಶೇರಿಂಗ್ ಡೀಬಗ್ಗರ್, ಲಿಂಕ್ಡ್‌ಇನ್‌ನ ಪೋಸ್ಟ್ ಇನ್‌ಸ್ಪೆಕ್ಟರ್ ಎರಡೂ ಉಚಿತ. ಲಿಂಕ್ ಹಾಕಿದರೆ ಪುಟವನ್ನು ಹೊಸದಾಗಿ ಓದಿಸುತ್ತವೆ.

ಯಾವ ಪೋಸ್ಟಿನಿಂದ ಜನ ಬಂದರು ಅಂತ ತಿಳಿಯಲು ಲಿಂಕಿಗೆ ಯುಟಿಎಂ, ಅಂದರೆ ಲಿಂಕಿನ ಕೊನೆಗೆ ಅಂಟಿಸುವ ಗುರುತಿನ ಪದಗಳನ್ನು ಸೇರಿಸಿ. ಸೋರ್ಸ್ (ಯಾವ ಸೈಟಿನಿಂದ), ಮೀಡಿಯಂ (ಯಾವ ಬಗೆಯ ದಾರಿಯಿಂದ), ಕ್ಯಾಂಪೇನ್ (ಯಾವ ಸುದ್ದಿಯಿಂದ) ಮೂರು ಸಾಕು. ಒಂದು ಎಚ್ಚರಿಕೆ: ಸೈಟಿಗೆ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ ದೊಡ್ಡಕ್ಷರ, ಸಣ್ಣಕ್ಷರವನ್ನು ಬೇರೆ ಬೇರೆ ಅಂತ ನೋಡುತ್ತದೆ. ಒಬ್ಬರು ಇಂಗ್ಲಿಷ್ ದೊಡ್ಡಕ್ಷರದಿಂದ ಫೇಸ್‌ಬುಕ್ ಅಂತ ಬರೆದು, ಇನ್ನೊಬ್ಬರು ಪೂರ್ತಿ ಸಣ್ಣಕ್ಷರದಲ್ಲಿ ಬರೆದರೆ ಲೆಕ್ಕ ಎರಡು ಸಾಲಾಗುತ್ತದೆ. ಎಲ್ಲವೂ ಸಣ್ಣಕ್ಷರ ಅಂತ ಒಂದು ಹಂಚಿಕೊಂಡ ಶೀಟಿನಲ್ಲಿ ಬರೆದಿಡಿ. ನಿಮ್ಮ ಸೈಟಿನ ಒಳಗಿನ ಲಿಂಕುಗಳಿಗೆ ಮಾತ್ರ ಇದನ್ನು ಹಾಕಲೇಬೇಡಿ. ಓದುಗರು ಎಲ್ಲಿಂದ ಬಂದರು ಅನ್ನುವ ಲೆಕ್ಕವೇ ಕೆಡುತ್ತದೆ.

ಶೆಡ್ಯೂಲಿಂಗ್‌ಗೆ ಶುರುವಿನಲ್ಲಿ ಉಚಿತವಾಗಿ ಸಿಗುವುದೇ ಸಾಕು. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂಗೆ ಮೆಟಾ ಬಿಸಿನೆಸ್ ಸೂಟ್ ಇದೆ. ಲಿಂಕ್ಡ್‌ಇನ್‌ನಲ್ಲಿ ಆ ಸೌಲಭ್ಯ ಒಳಗೇ ಇದೆ. ಎಲ್ಲ ಒಂದೇ ಕಡೆ ಬೇಕು ಅನಿಸಿದರೆ ಬಫರ್‌ನ ಉಚಿತ ಪ್ಲಾನ್ ನೋಡಿ. ಆದರೆ ಒಂದೇ ಬರಹವನ್ನು ಸುಮ್ನೆ ಎಲ್ಲ ಕಡೆ ತಳ್ಳಬೇಡಿ. ಎಕ್ಸ್‌ನ ಉಚಿತ ಖಾತೆಯಲ್ಲಿ 280 ಅಕ್ಷರದ ಮಿತಿ, ಅದರಲ್ಲಿ ಲಿಂಕ್ ಎಷ್ಟೇ ಉದ್ದ ಇರಲಿ 23 ಅಕ್ಷರ ಅಂತಲೇ ಲೆಕ್ಕ. ಇನ್‌ಸ್ಟಾಗ್ರಾಂ ಕ್ಯಾಪ್ಷನ್‌ನಲ್ಲಿ ಲಿಂಕ್ ಒತ್ತಲು ಬರುವುದಿಲ್ಲ. ಒಂದು ಸೈಟಿನಲ್ಲಿ ಟ್ಯಾಗ್ ಮಾಡಿದ ಹೆಸರು ಇನ್ನೊಂದರಲ್ಲಿ ಬೇರೆ ಯಾರದ್ದೋ ಆಗಿರಬಹುದು. ಫೋಟೋಗೆ ಆಲ್ಟ್ ಟೆಕ್ಸ್ಟ್, ಅಂದರೆ ಚಿತ್ರದಲ್ಲಿ ಏನಿದೆ ಅನ್ನುವ ವಿವರಣೆ ಬರೆಯಿರಿ, ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗೆ ಚಿತ್ರ ತಲುಪುವುದು ಅದರಿಂದಲೇ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು: ಪಾಸ್‌ವರ್ಡ್. ಸಣ್ಣ ತಂಡದಲ್ಲಿ ಖಾತೆಗಳೆಲ್ಲ ಯಾರೋ ಒಬ್ಬರ ಸ್ವಂತ ಇಮೇಲ್ ಮತ್ತು ಫೋನಿಗೆ ಅಂಟಿಕೊಂಡಿರುತ್ತವೆ. ಅವರು ಕೆಲಸ ಬಿಟ್ಟ ದಿನ ಖಾತೆಯೂ ಹೋದ ಹಾಗೆ. ಫೇಸ್‌ಬುಕ್, ಲಿಂಕ್ಡ್‌ಇನ್ ಪುಟಗಳಿಗೆ ಕನಿಷ್ಠ ಇಬ್ಬರನ್ನು ಅಡ್ಮಿನ್ ಮಾಡಿ. ಪ್ರತಿಯೊಬ್ಬರೂ ತಮ್ಮದೇ ಖಾತೆಯಿಂದ ಒಳಗೆ ಬರುವುದರಿಂದ ಪಾಸ್‌ವರ್ಡ್ ಹಂಚಬೇಕಾಗಿಲ್ಲ. ಉಳಿದ ಖಾತೆಗಳನ್ನು ತಂಡದ ಡೊಮೇನಿನ ಇಮೇಲ್‌ನಿಂದ ತೆರೆಯಿರಿ. ಪಾಸ್‌ವರ್ಡ್‌ಗಳನ್ನು ಬಿಟ್‌ವಾರ್ಡನ್ ಥರದ ಮ್ಯಾನೇಜರ್‌ನಲ್ಲಿಡಿ, ಚಾಟ್‌ನಲ್ಲಿ ಕಳಿಸಬೇಡಿ. ಪಾಸ್‌ವರ್ಡ್ ಆದಮೇಲಿನ ಎರಡನೇ ಹಂತದ ಪರಿಶೀಲನೆಗೆ ಎಸ್ಎಂಎಸ್ ಬದಲು ಫೋನಿನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆಪ್ ಬಳಸಿ, ಫೋನ್ ಕಳೆದಾಗ ಬೇಕಾಗುವ ಬ್ಯಾಕಪ್ ಕೋಡ್‌ಗಳನ್ನು ಇಬ್ಬರಿಗೆ ಸಿಗುವ ಕಡೆ ಇಡಿ. ಎಕ್ಸ್‌ನಲ್ಲಿ 2023ರ ಮಾರ್ಚ್‌ನಿಂದ ಎಸ್ಎಂಎಸ್ ದಾರಿ ದುಡ್ಡು ಕೊಡುವವರಿಗೆ ಮಾತ್ರ.

ಹೊಸ ಫೀಚರ್ ಸುದ್ದಿಯನ್ನು ಶೆಡ್ಯೂಲ್ ಮಾಡುವಾಗ, ಆಮೇಲಿನ ಮೂರು ನಾಲ್ಕು ಗಂಟೆ ಉತ್ತರ ಕೊಡಲು ಒಬ್ಬರು ಬಿಡುವಾಗಿರುವ ಸಮಯ ನೋಡಿ. ರಜೆಯ ಹಿಂದಿನ ಸಂಜೆ ಬೇಡ. ಸರ್ವರ್ ಕೈಕೊಟ್ಟರೆ ಮೊದಲು ಸರದಿಯಲ್ಲಿರುವ ಪೋಸ್ಟ್‌ಗಳನ್ನೆಲ್ಲ ನಿಲ್ಲಿಸಿ. ಆ ನಿಲ್ಲಿಸುವ ಬಟನ್ ಎಲ್ಲಿದೆ ಅಂತ ಐದೂ ಜನಕ್ಕೆ ಇವತ್ತೇ ತೋರಿಸಿಡಿ.